ಪ್ರಾಜೆಕ್ಟ್ ಮುಗಿದ ಮೇಲಿನ ಅವಲೋಕನ ಸಭೆ: ಜಗಳವೂ ಆಗದೆ, ಬರೇ ಚಾ-ಬನ್ಸಿನಲ್ಲೂ ಮುಗಿಯದೆ ನಡೆಸುವುದು ಹೇಗೆ?

ಕಲ್ಸಂಕ_ಸರ್ಕಲ್

ಉಡುಪಿಯ ಸಣ್ಣ ಸಾಫ್ಟ್‌ವೇರ್ ಆಫೀಸು. ಒಂದು ಸಹಕಾರಿ ಸಂಘದ ಸದಸ್ಯರ ಖಾತೆಗಳನ್ನೆಲ್ಲ ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ವರ್ಗಾಯಿಸುವ ಕೆಲಸ ಈಗಷ್ಟೇ ಮುಗಿದಿದೆ. ಏಪ್ರಿಲ್ 1ಕ್ಕೆ ಹೊಸ ಸಾಫ್ಟ್‌ವೇರ್ ಶುರುವಾಗಬೇಕಿತ್ತು, ಅದು ಜೂನ್‌ಗೆ ಹೋಯ್ತು. ತಂಡದಲ್ಲಿ 9 ಜನ, ಅದರಲ್ಲಿ ಇಬ್ಬರು ಬೆಂಗಳೂರಿನಿಂದ ಆನ್‌ಲೈನ್, ಒಬ್ಬರು ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿದ್ದಾರೆ. "ಒಂದು ಗಂಟೆ ಕೂತು ಪಾಠ ಏನು ಅಂತ ಬರ್ದು ಕೊಡಿ" ಅಂತ ಬಾಸ್ ಹೇಳಿದ್ದಾರೆ.

ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಎರಡೇ ಆಗುವುದು. ಇಲ್ಲಾ ಒಬ್ಬರ ತಲೆಗೆ ಎಲ್ಲ ಕಟ್ಟುವುದು, ಇಲ್ಲಾ "ಒಟ್ರಾಶಿ ಒಳ್ಳೆದಾಯ್ತು" ಅಂತ ಹೇಳಿ ಎದ್ದು ಹೋಗುವುದು. ಯಾವಾಗ ಇಡಬೇಕು, ಎಷ್ಟು ಹೊತ್ತು, ಬಾಸ್ ಇರಬೇಕಾ ಬೇಡ್ವಾ, ಬರೆದದ್ದನ್ನು ಆಮೇಲೆ ಎಂತ ಮಾಡುವುದು? ಮಾಡಿ ಗೊತ್ತಿರುವವರು ಹೇಳಿ.

ಕೊಟ್ಟಾರ_ಚೌಕಿ

ಒಂದು ಗಂಟೆಯಲ್ಲಿ ಆಗುವ ಕೆಲಸ ಅಲ್ಲ ಇದು. ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ಬರೇ ಒಂದು ತಿಂಗಳ ಸ್ಪ್ರಿಂಟಿನ, ಅಂದರೆ ಒಂದು ಕಂತಿನ, ಅವಲೋಕನಕ್ಕೇ ಗರಿಷ್ಠ 3 ಗಂಟೆ ಇಟ್ಟಿದ್ದಾರೆ. ಹಲವು ತಿಂಗಳ ಕೆಲಸಕ್ಕೆ 2 ಗಂಟೆಯ ಸಭೆ, ಅದಕ್ಕೆ ಮೊದಲು ಒಬ್ಬರ ಅರ್ಧ ದಿನದ ತಯಾರಿ. ಇಷ್ಟಕ್ಕಿಂತ ಕಡಿಮೆ ಇಟ್ಟರೆ ದೂರುಗಳ ಪಟ್ಟಿ ಮಾತ್ರ ಸಿಗ್ತದೆ.

ದಿನ ಗೊತ್ತು ಮಾಡುವ ಮೊದಲೇ ನೋಟಿಸ್ ಪೀರಿಯಡ್‌ನವರನ್ನು ಹಿಡಿಯಿರಿ. ಹೋಗುವವರಷ್ಟು ಬಿಚ್ಚಿ ಮಾತಾಡುವವರು ತಂಡದಲ್ಲಿ ಬೇರೆ ಯಾರೂ ಇರುವುದಿಲ್ಲ. 20 ನಿಮಿಷ ಸಾಕು, ಫೋನಿನಲ್ಲಾದರೂ ನಡೀತದೆ. ಯಾವ ದಿನ ನಿಮಗೆ ಇದು ತಡ ಆಗ್ತದೆ ಅಂತ ಗೊತ್ತಾಯ್ತು, ಅದಕ್ಕೆ ಮೊದಲು ಯಾವ ಸೂಚನೆ ಇತ್ತು, ಯಾರಿಗೂ ಹೇಳದೆ ನೀವೇ ಸರಿ ಮಾಡಿಕೊಂಡದ್ದು ಯಾವುದು, ಮುಂದಿನ ಸಲ ಇದೇ ಕೆಲಸ ಬಂದರೆ ಯಾವುದನ್ನು ಮೊದಲು ಮಾಡ್ತೀರಿ: ಈ ನಾಲ್ಕು ಕೇಳಿ. ಮೂರನೆಯದಕ್ಕೆ ಬರುವ ಉತ್ತರ ಯಾವ ಮೇಲ್‌ನಲ್ಲೂ ಇರುವುದಿಲ್ಲ.

ಆಮೇಲೆ ಘಟನಾಪಟ್ಟಿ. ಮೇಲ್, ಬಗ್ ಪಟ್ಟಿ, ವಾಟ್ಸಾಪ್ ಗ್ರೂಪು, ಈ ಮೂರರಿಂದ ತೆಗೆಯಿರಿ. ಗ್ರೂಪಿನ ಚಾಟನ್ನು ಫೋಟೋ-ವಿಡಿಯೋ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದರೆ ತಾರೀಕು, ಗಂಟೆ ಸಮೇತ ಟೆಕ್ಸ್ಟ್ ಫೈಲ್ ಬರ್ತದೆ. ಅದರಿಂದ ಮೂರೇ ಕಾಲಮ್: ತಾರೀಕು, ಅಂದುಕೊಂಡದ್ದು, ಆದದ್ದು. ಕಾರಣ ಬರೆಯಬೇಡಿ, ಹೆಸರು ಬರೆಯಬೇಡಿ. ಎರಡು ಪುಟ ಮೀರಬಾರದು. ಸಭೆಗೆ ಎರಡು ದಿನ ಮೊದಲು ಎಲ್ಲರಿಗೂ ಕಳಿಸಿ, "ತಪ್ಪಿದ್ದರೆ ತಿದ್ದಿ" ಅಂತ ಹೇಳಿ. ಇದಿಲ್ಲದಿದ್ದರೆ ಫೈಲು ಬಂದದ್ದು ಫೆಬ್ರವರಿಯಲ್ಲಾ ಮಾರ್ಚಿನಲ್ಲಾ ಅಂತ ಚರ್ಚೆ ಮಾಡಿಯೇ ಮೊದಲ ಮುಕ್ಕಾಲು ಗಂಟೆ ಹೋಗ್ತದೆ.

ಎರಡು ಗಂಟೆಯನ್ನು ಹಂಚುವುದು ಸುಮಾರು ಹೀಗೆ. ನಿಯಮ ಹೇಳಲಿಕ್ಕೆ 5 ನಿಮಿಷ, ಘಟನಾಪಟ್ಟಿ ಒಮ್ಮೆ ನೋಡಲಿಕ್ಕೆ 10, ಒಳ್ಳೆಯದಾದದ್ದು, ಕೆಟ್ಟದ್ದು ಅಂತ ಅನ್ನಿಸಿದ್ದನ್ನು ಒಬ್ಬೊಬ್ಬರೂ ಮಾತಿಲ್ಲದೆ ಚೀಟಿಯಲ್ಲಿ ಬರೆಯಲಿಕ್ಕೆ 15, ಚೀಟಿ ಅಂಟಿಸಿ ಓದಲಿಕ್ಕೆ 25, ಯಾವುದನ್ನು ಚರ್ಚಿಸಬೇಕು ಅಂತ ಮತ ಹಾಕಲಿಕ್ಕೆ 10, ಎರಡು ವಿಷಯವನ್ನು ಬುಡದ ತನಕ ಅಗೆಯಲಿಕ್ಕೆ 35, ನಿರ್ಧಾರಕ್ಕೆ 15, ಓದಿ ಹೇಳಿ ಮುಗಿಸಲಿಕ್ಕೆ 5. ಎಳೆದು ಹೋಗುವುದು ಯಾವಾಗಲೂ ಚೀಟಿ ಓದುವ ಹಂತ. ಅಲ್ಲಿ ಯಾರೂ ವಿವರಣೆ ಕೊಡಬಾರದು, ಓದಬೇಕು ಅಷ್ಟೆ. ಅಲ್ಲಿ ಕಳೆದ ನಿಮಿಷಗಳನ್ನೆಲ್ಲ ಕಡೆಗೆ ನಿರ್ಧಾರದ 15 ನಿಮಿಷದಿಂದಲೇ ಕಡಿಯಬೇಕಾಗ್ತದೆ.

ಎಂಡ್‌ಪಾಯಿಂಟ್_ವಾಕಿಂಗ್

ಮಣಿಪಾಲದಿಂದ, ಆಸ್ಪತ್ರೆಯ ಗುಣಮಟ್ಟ ವಿಭಾಗದ ದೃಷ್ಟಿಯಲ್ಲಿ ಹೇಳುತ್ತೇನೆ. ಕೊಟ್ಟಾರದವರು ಹೇಳಿದ "ಮಾತಿಲ್ಲದೆ 15 ನಿಮಿಷ" ಇದೆಯಲ್ಲ, ನಮ್ಮ ಊರಿನಲ್ಲಿ ಅದು ತೀರಾ ಮುಖ್ಯ. ಹಿರಿಯರ ಎದುರು ಮೊದಲು ಬಾಯಿ ಬಿಡುವವರು ಇಲ್ಲಿ ಕಡಿಮೆ. ಸೀನಿಯರ್ ಒಬ್ಬರು "ಟೆಸ್ಟಿಂಗ್ ಸಾಲಲಿಲ್ಲ" ಎಂದುಬಿಟ್ಟರೆ ಉಳಿದ ಎಂಟು ಜನ ಅದಕ್ಕೇ ತಲೆಯಾಡಿಸುತ್ತಾರೆ. ಬರೆದಾದ ಮೇಲೆ ಓದಿದರೆ ಒಂಬತ್ತು ಬೇರೆ ಬೇರೆ ವಿಷಯ ಬರುತ್ತವೆ. ಓದುವಾಗಲೂ ಸೇವೆಯಲ್ಲಿ ಕಿರಿಯರಿಂದ ಶುರು ಮಾಡಿ.

ಇಂಥ ಸಭೆಗಳ ಬಗ್ಗೆ ಕೆಲಸ ಮಾಡಿದ ನಾರ್ಮನ್ ಕರ್ತ್ 2001ರಲ್ಲಿ ಹೇಳಿದ ತತ್ತ್ವವೊಂದು ಈಗ ಎಲ್ಲೆಡೆ ಬಳಕೆಯಲ್ಲಿದೆ: ಆಗ ಗೊತ್ತಿದ್ದುದು, ಕೈಯಲ್ಲಿದ್ದುದು, ಇದ್ದ ಪರಿಸ್ಥಿತಿ ಇವನ್ನೆಲ್ಲ ನೋಡಿದರೆ ಪ್ರತಿಯೊಬ್ಬರೂ ತಮ್ಮ ಕೈಲಾದಷ್ಟು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ ಎಂದು ನಂಬಿ ಸಭೆ ಶುರು ಮಾಡಬೇಕು. ಶುರುವಿನಲ್ಲಿ ಇದನ್ನು ಓದಿ ಹೇಳಿದರೆ ಮಾತ್ರ ಸಾಲದು, ಕೇಳುವ ಪ್ರಶ್ನೆಯಲ್ಲೂ ಅದು ಕಾಣಬೇಕು. "ನೀವು ಯಾಕೆ ಚೆಕ್ ಮಾಡಲಿಲ್ಲ?" ಎಂದರೆ ಅದು ಬೈದಂತೆಯೇ. "ಆ ದಿನ ಫೈಲು ಕೈಗೆ ಬಂದಾಗ ನಿಮ್ಮ ಎದುರಿಗೆ ಬೇರೆ ಯಾವ ಕೆಲಸ ಇತ್ತು? ಸರಿ ಇದೆ ಅಂತ ಅನ್ನಿಸಿದ್ದು ಯಾವುದನ್ನು ನೋಡಿ?" ಎಂದು ಕೇಳಿದರೆ ವಿಷಯ ಹೊರಗೆ ಬರುತ್ತದೆ.

ಇನ್ನೊಂದು. ಫಲಿತಾಂಶ ಗೊತ್ತಾದ ಮೇಲೆ "ಇದು ಮೊದಲೇ ಗೊತ್ತಿತ್ತು" ಎಂದು ಎಲ್ಲರಿಗೂ ಅನ್ನಿಸುತ್ತದೆ. ಮನಶ್ಶಾಸ್ತ್ರಜ್ಞ ಬರೂಚ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು. ಆ ಮಾತು ಯಾರಾದರೂ ಆಡಿದರೆ ಜಗಳ ಬೇಡ, ಘಟನಾಪಟ್ಟಿಯಲ್ಲಿ ಅದು ಗೊತ್ತಿದ್ದ ತಾರೀಕನ್ನು ತೋರಿಸಿ ಎನ್ನಿ. ತಾರೀಕು ಸಿಕ್ಕಿದರೆ ಅದು ಒಳ್ಳೆಯ ಪಾಠ: ಗೊತ್ತಿದ್ದವರಿಗೆ ಹೇಳಲಿಕ್ಕೆ ದಾರಿ ಇರಲಿಲ್ಲ ಅಂತ ಅರ್ಥ.

ಮುರಕಲ್ಲು

ಇದೆಲ್ಲ ಎಸಿ ರೂಮಿನ ಮಾತಾಯ್ತು. ಕಟ್ಟಡದ ಕೆಲಸದಲ್ಲಿ ಬುಡ ಗೊತ್ತಿರುವುದು ಮೇಸ್ತ್ರಿಗೆ, ಸೆಂಟ್ರಿಂಗಿನವರಿಗೆ, ಬಾರ್ ಬೆಂಡಿಂಗಿನವರಿಗೆ. ಅವರಿಗೆ ಚೀಟಿ ಕೊಟ್ಟು ಬರೆಯಿರಿ ಅಂದರೆ ಆಗುವುದಿಲ್ಲ, ಅರ್ಧ ಜನ ಹಿಂದಿಯವರು. ಅಂಥ ಕಡೆ ಸಭೆಯನ್ನು ಸೈಟಿನಲ್ಲೇ, ತೊಂದರೆ ಆದ ಜಾಗದಲ್ಲೇ ನಿಂತು 30-40 ನಿಮಿಷ ಮಾಡಬೇಕು. ಪೈಪ್ ಹೋದ ಜಾಗ, ಪ್ಲಾಸ್ಟರ್ ಬಿಟ್ಟ ಜಾಗ ಕೈ ಮುಟ್ಟಿ ತೋರಿಸಿದರೆ ಬರವಣಿಗೆ ಬೇಕಾಗುವುದಿಲ್ಲ. ಒಬ್ಬ ಸೂಪರ್‌ವೈಸರ್ ಬರೆದುಕೊಂಡರೆ ಸಾಕು.

ಮತ್ತೆ, ಕಾರಣ ಅಂತ "ಮಳೆ ಬಂತು" ಬರೆಯಲಿಕ್ಕೆ ಬಿಡಬೇಡಿ. ಜೂನ್ ಮೊದಲ ವಾರ ಕರಾವಳಿಗೆ ಮಳೆ ಬರುವುದು ಯಾರಿಗೆ ಗೊತ್ತಿಲ್ಲ ಮಾರಾಯ್ರೆ? ಆಗ ಮರಳು ಸಿಗುವುದು ಕಷ್ಟ, ಕೆಂಪುಕಲ್ಲಿನ ಲಾರಿ ಕ್ವಾರಿಯೊಳಗೆ ಇಳಿಯುವುದಿಲ್ಲ, ಹೊರಗಿನ ಪ್ಲಾಸ್ಟರ್ ಹಿಡಿಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ಮೇ 31ರೊಳಗೆ ಮುಗಿಯಬೇಕಾದ ಕೆಲಸದ ಪಟ್ಟಿಯನ್ನು ಯಾರು, ಯಾವ ತಿಂಗಳು ಮಾಡಬೇಕಿತ್ತು ಅಂತ ಕೇಳಿ. ಪಾಠ ಇರುವುದು ಅಲ್ಲಿ.

ನೀರು ಸೋರುವ ವಿಷಯ ಹಸ್ತಾಂತರದ ಮರುವಾರ ಗೊತ್ತಾಗುವುದೇ ಇಲ್ಲ. ಹಾಗಾಗಿ ಕಟ್ಟಡಕ್ಕೆ ಎರಡು ಸಭೆ ಬೇಕು. ಕೆಲಸ ಮುಗಿದ ಹದಿನೈದು ದಿನದೊಳಗೆ ಒಂದು, ಒಂದು ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಇನ್ನೊಂದು. ನಿಮ್ಮ ಸಾಫ್ಟ್‌ವೇರಿಗೂ ಇಂಥ ಒಂದು ಮಳೆಗಾಲ ಇರಬಹುದು ನೋಡಿ.

ಬಾಸ್ ಬಗ್ಗೆ: ಇರಲೇಬೇಕು. ದುಡ್ಡು ಕೊಡುವವನಿಲ್ಲದ ಸಭೆಯಲ್ಲಿ ಆದ ನಿರ್ಧಾರಕ್ಕೆ ಬೆಲೆ ಇಲ್ಲ.

ಕೊಟ್ಟಾರ_ಚೌಕಿ

ಮುರಕಲ್ಲು ಅವರ ಎರಡು ಸಭೆಯ ಮಾತು ಸರಿ. ಸಹಕಾರಿ ಸಂಘದ ಸಾಫ್ಟ್‌ವೇರಿಗೆ ಆ ಪರೀಕ್ಷೆ ಬರುವುದು ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕಕ್ಕೆ. ಅಕ್ಟೋಬರ್ ಎರಡನೇ ವಾರ ಅರ್ಧ ಗಂಟೆ ಈಗಲೇ ಕ್ಯಾಲೆಂಡರಿನಲ್ಲಿ ಹಾಕಿಡಿ.

ಬಾಸ್ ವಿಷಯದಲ್ಲಿ ಪೂರ್ತಿ ಒಪ್ಪುವುದಿಲ್ಲ. ಮೊದಲ ಒಂದೂವರೆ ಗಂಟೆ ಬಾಸ್ ಬೇಡ, ಕೊನೆಯ ಅರ್ಧ ಗಂಟೆ ಬೇಕು. ಬಂದ ಕೂಡಲೇ ತಂಡ ಆರಿಸಿದ ಎರಡು ವಿಷಯ, ಕಾರಣ, ಕೇಳುವ ಬದಲಾವಣೆ ಇಷ್ಟನ್ನು ನಡೆಸುವವರು ಓದುತ್ತಾರೆ. ಬಾಸ್ ಹೇಳಬಹುದಾದದ್ದು "ಆಗ್ತದೆ", "ಆಗುವುದಿಲ್ಲ, ಕಾರಣ ಇದು", "ಇಂಥ ತಾರೀಕಿಗೆ ಹೇಳ್ತೇನೆ" ಈ ಮೂರರಲ್ಲಿ ಒಂದು. "ಇದನ್ನು ಯಾರು ಮಾಡಿದ್ದು?" ಅಂತ ಕೇಳುವ ಹಾಗಿಲ್ಲ. ಹಿಂದಿನ ದಿನವೇ ಅವರ ಕೋಣೆಗೆ ಹೋಗಿ ಈ ಒಪ್ಪಂದ ಮಾಡಿಕೊಳ್ಳಿ, ಎಲ್ಲರೆದುರು ಹೇಳಿದರೆ ಅವರಿಗೂ ಮುಜುಗರ.

ಇಂಕ್ರಿಮೆಂಟ್ ಚರ್ಚೆ ನಡೆಯುವ ತಿಂಗಳಲ್ಲಿ ಈ ಸಭೆ ಇಡಲೇಬೇಡಿ. ಚೀಟಿಯಲ್ಲಿ ಬರೆದದ್ದು ಸಂಬಳದ ಫೈಲಿಗೆ ಹೋಗ್ತದೆ ಅಂತ ಒಬ್ಬರಿಗೆ ಅನುಮಾನ ಬಂದರೂ ಎಲ್ಲರ ಚೀಟಿ ಖಾಲಿ. ನಡೆಸುವವರು ಕೂಡ ಆ ಪ್ರಾಜೆಕ್ಟಿನ ಮ್ಯಾನೇಜರ್ ಆಗಿರಬಾರದು. ಪಕ್ಕದ ತಂಡದವರನ್ನು ಕರೆಯಿರಿ, ಮುಂದಿನ ಸಲ ಅವರದಕ್ಕೆ ನೀವು ಹೋಗಿ.

ಕಲ್ಸಂಕ_ಸರ್ಕಲ್

ತುಂಬ ಉಪಕಾರ. ಒಂದು ವಿಷಯ ಖಂಡಿತ ಬರ್ತದೆ, ಅದನ್ನು ಅಗೆಯುವುದು ಹೇಗೆ ಅಂತ ತೋರಿಸಿ ಕೊಡಿ. ಹಳೆಯ ಸಾಫ್ಟ್‌ವೇರಿನಲ್ಲಿ ಸದಸ್ಯರ ಹೆಸರು ಹಳೆಯ ನುಡಿ ಫಾಂಟಿನಲ್ಲಿತ್ತು, ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಪರಿವರ್ತಿಸಿದಾಗ ಸಾವಿರಾರು ಹೆಸರು ಕೆಟ್ಟವು. ತಡ ಆದದ್ದರಲ್ಲಿ ದೊಡ್ಡ ಪಾಲು ಇದರದ್ದೇ. "ಐದು ಸಲ ಯಾಕೆ" ಕೇಳಿದರೆ ಸಾಕಾಗ್ತದಾ?

ಕಡತ_ಕೋಣೆ

ಸಾಕಾಗುವುದಿಲ್ಲ. "ಐದು ಸಲ ಯಾಕೆ" ಟೊಯೋಟಾದ ಕಾರ್ಖಾನೆಯಿಂದ ಬಂದ ಕ್ರಮ, ಯಂತ್ರ ಯಾಕೆ ನಿಂತಿತು ಎಂಬಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜನರ ಕೆಲಸಕ್ಕೆ ಹಾಗೇ ಹಚ್ಚಿದರೆ ಒಂದೇ ಎಳೆ ಹಿಡಿದು ಹೋಗಿ ಕೊನೆಗೆ ಒಬ್ಬ ಮನುಷ್ಯನಲ್ಲಿ ನಿಲ್ಲುತ್ತದೆ. ಹೆಸರು ಕೆಟ್ಟಿತು ಯಾಕೆ, ಪರಿವರ್ತಕ ಸರಿ ಇರಲಿಲ್ಲ. ಯಾಕೆ, ಪರೀಕ್ಷೆ ಆಗಲಿಲ್ಲ. ಯಾಕೆ, ಸಮಯ ಇರಲಿಲ್ಲ. ಯಾಕೆ, ಅಂದಾಜು ತಪ್ಪು. ಯಾಕೆ, ಮ್ಯಾನೇಜರ್ ತಪ್ಪು ಹಾಕಿದರು. ಮುಗಿಯಿತು, ಬುಡಕ್ಕೆ ಬಂದೆವು ಎಂದು ಎಲ್ಲರಿಗೂ ಸಮಾಧಾನ. ಮುಂದಿನ ಪ್ರಾಜೆಕ್ಟಿನಲ್ಲಿ ಹೆಸರು ಮತ್ತೆ ಕೆಡುತ್ತದೆ.

ಒಂದರ ಬದಲು ಮೂರು ಎಳೆ ಹಿಡಿಯಿರಿ. ಇದು ಹುಟ್ಟಿದ್ದು ಹೇಗೆ? ಹುಟ್ಟಿದ್ದು ಬೇಗ ಕಾಣಲಿಲ್ಲ ಯಾಕೆ? ಕಂಡ ಮೇಲೂ ಸರಿಪಡಿಸಲಿಕ್ಕೆ ಅಷ್ಟು ದಿನ ಹಿಡಿದದ್ದು ಯಾಕೆ? ಬೋರ್ಡಿನಲ್ಲಿ ಮೂರು ಕಂಬ ಎಳೆದು ಒಂದೊಂದಕ್ಕೆ 6 ನಿಮಿಷ ಕೊಟ್ಟರೆ ಒಂದು ವಿಷಯ 18 ನಿಮಿಷದಲ್ಲಿ ಆಗುತ್ತದೆ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹುಟ್ಟಿದ್ದು ಹೇಗೆ: ಹಳೆಯ ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. "ಆಚಾರ್ಯ" ಬರೆಯುವಾಗ ಅರ್ಕಾವತ್ತು ಹಳೆಯದರಲ್ಲಿ ಯ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಯ ಬರುವ ಮೊದಲು ರ್ ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡದಿದ್ದರೆ ಹೆಸರು ಕೆಟ್ಟಿತು. ದೀರ್ಘದ ಗುರುತು, ಒತ್ತಕ್ಷರ ಇವುಗಳಲ್ಲೂ ಇಂಥದೇ ಕಥೆ. ಶಾಖೆಯಿಂದ ಶಾಖೆಗೆ ಫಾಂಟ್ ಬೇರೆ ಇದ್ದರಂತೂ ಒಂದೇ ಪರಿವರ್ತಕ ಎಲ್ಲದಕ್ಕೂ ಸಾಲದು.

ಬೇಗ ಕಾಣಲಿಲ್ಲ ಯಾಕೆ: ಇಲ್ಲಿ ನೀವು ಬಹುಶಃ ಮಾದರಿ ದಾಖಲೆಗಳನ್ನು ನೋಡಬೇಕು. ಮೊದಲ 200 ಹೆಸರು ತೆಗೆದು ಪರೀಕ್ಷೆ ಮಾಡಿದರೆ ಅದರಲ್ಲಿ ಶೆಟ್ಟಿ, ರಾವ್, ಭಟ್ ತುಂಬಿರುತ್ತವೆ, ಎಲ್ಲ ಪಾಸ್. ಆಚಾರ್ಯ, ಪೂಜಾರ್ತಿ, ಶೆಡ್ತಿ, ಕೋಟ್ಯಾನ್, ಡಿಸೋಜ ಇಂಥವನ್ನು ಹುಡುಕಿ ತೆಗೆದು ಮಾದರಿ ಮಾಡಬೇಕಿತ್ತು. ಅಂದರೆ ಪರೀಕ್ಷೆ ಮಾಡಲಿಲ್ಲ ಎಂಬುದಲ್ಲ ಪ್ರಶ್ನೆ, ಮಾದರಿ ಆರಿಸಿದ ಕ್ರಮ ಪ್ರಶ್ನೆ. ಇವೆರಡಕ್ಕೂ ಪರಿಹಾರ ಪೂರ್ತಿ ಬೇರೆ.

ಅಷ್ಟು ದಿನ ಹಿಡಿದದ್ದು ಯಾಕೆ: ಸರಿಯಾದ ಹೆಸರು ಯಾವುದು ಎಂದು ಹೇಳಬೇಕಾದವರು ಶಾಖೆಯ ಸಿಬ್ಬಂದಿ. ಅವರು ಮಾರ್ಚ್ ಪೂರ್ತಿ ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿರುತ್ತಾರೆ. ಏಪ್ರಿಲ್ 1 ಎಂದು ದಿನ ಇಟ್ಟದ್ದರಲ್ಲೇ ಗಂಟು ಇದೆ. ಕೋಡ್ ಬರೆದವರನ್ನು ಎಷ್ಟು ಪ್ರಶ್ನೆ ಕೇಳಿದರೂ ಇದು ಹೊರಗೆ ಬರುತ್ತಿರಲಿಲ್ಲ.

ಕಲ್ಸಂಕ_ಸರ್ಕಲ್

ಮಾರ್ಚಿನ ಮಾತು ನೂರಕ್ಕೆ ನೂರು ಸರಿ. ಶಾಖೆಯವರು ಫೋನ್ ಎತ್ತುತ್ತಿಲ್ಲ ಅಂತಲೇ ಗ್ರೂಪಿನಲ್ಲಿ ದಿನಾ ದೂರು ಇತ್ತು, ಯಾಕೆ ಎತ್ತುತ್ತಿಲ್ಲ ಅಂತ ಯಾರೂ ಯೋಚಿಸಲಿಲ್ಲ. ಇದನ್ನು ಪಾಠ ಅಂತ ಬರೆಯುವುದು ಹೇಗೆ?

ಕಡತ_ಕೋಣೆ

"ಗ್ರಾಹಕರ ಜೊತೆ ಸಂವಹನ ಸುಧಾರಿಸಬೇಕು" ಎಂದು ಬರೆದರೆ ಕಾಗದ ದಂಡ. ಅದನ್ನು ಓದಿ ಯಾರೂ ನಾಳೆ ಬೇರೆ ರೀತಿ ಕೆಲಸ ಮಾಡಲಾರರು. ಹೀಗೆ ಬರೆಯಿರಿ:

"ಸಹಕಾರಿ ಸಂಘಗಳ ಕೆಲಸದಲ್ಲಿ ಮಾರ್ಚ್ 10ರಿಂದ ಏಪ್ರಿಲ್ 20ರವರೆಗೆ ಶಾಖೆಯ ಸಿಬ್ಬಂದಿಯಿಂದ ತಪಾಸಣೆ ಕೆಲಸ ನಿರೀಕ್ಷಿಸಬಾರದು. ವೇಳಾಪಟ್ಟಿಯ ಟೆಂಪ್ಲೇಟಿನಲ್ಲಿ ಈ ಅವಧಿಗೆ ಕೆಂಪು ಬಣ್ಣ. ಬದಲಾಯಿಸುವವರು: ಇಂಥವರು. ತಾರೀಕು: ಇಂಥದ್ದು."

"ಯೂನಿಕೋಡ್ ಅಲ್ಲದ ದತ್ತಾಂಶ ಇದ್ದರೆ, ದರ ಹೇಳುವ ಮೊದಲೇ ಪ್ರತಿ ಶಾಖೆಯಿಂದ 500 ಹೆಸರು ತರಿಸಿ ಪರಿವರ್ತಿಸಿ ನೋಡಬೇಕು. ಅದರಲ್ಲಿ ಕನಿಷ್ಠ 100 ಅರ್ಕಾವತ್ತು, ಒತ್ತಕ್ಷರ ಇರುವ ಹೆಸರು ಇರಬೇಕು."

ಸಂಖ್ಯೆಗಳನ್ನು ನಿಮ್ಮ ಅಳತೆಗೆ ಬದಲಿಸಿಕೊಳ್ಳಿ. ಪಾಠ ಕಡತದಲ್ಲಿ ಮಾತ್ರ ಉಳಿಯಬಾರದು. ಜನ ಹೇಗೂ ತೆರೆಯುವ ಯಾವುದೋ ಒಂದರೊಳಗೆ ಅದು ಕೂರಬೇಕು: ಅಂದಾಜುಪಟ್ಟಿಯ ಟೆಂಪ್ಲೇಟು, ಒಪ್ಪಂದದ ಕರಡು, ಚೆಕ್‌ಲಿಸ್ಟು. "ಪಾಠಗಳು ಅಂತಿಮ" ಎಂಬ ಹೆಸರಿನ ಫೈಲು ಮಾಡಿ ಡ್ರೈವ್‌ನಲ್ಲಿ ಹಾಕಿದರೆ ಅದನ್ನು ಮತ್ತೆ ನೋಡುವುದು ಆಡಿಟ್‌ನವರು ಮಾತ್ರ. ಒಂದು ಸಭೆಯಿಂದ ಮೂರಕ್ಕಿಂತ ಹೆಚ್ಚು ಬದಲಾವಣೆ ಹೊರಡಿಸಬೇಡಿ. ಪ್ರತಿಯೊಂದಕ್ಕೂ ಒಂದೇ ಹೆಸರು. "ತಂಡ" ಎಂದು ಬರೆದರೆ ಯಾರೂ ಅಲ್ಲ ಎಂದೇ ಲೆಕ್ಕ. ಮೊದಲ ಹೆಜ್ಜೆ ಎರಡು ವಾರದೊಳಗೆ ಆಗುವಂಥದ್ದಿರಲಿ, 30ನೇ ದಿನ ಹತ್ತು ನಿಮಿಷ ಕೂತು ಆಗಿದೆಯಾ ನೋಡಿ.

ಚಪ್ಪರ_ಉಗ್ರಾಣ

ಆಫೀಸಿನವರು ಮಾತ್ರ ಮಾತಾಡುವುದಾ? ಬ್ರಹ್ಮಕಲಶೋತ್ಸವದ ಸಮಿತಿಗಳಿಗೆ ಇದು ನಿಮಗಿಂತ ಹೆಚ್ಚು ಬೇಕು. ದೇವಸ್ಥಾನದಲ್ಲಿ ಅದು ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. ಉಡುಪಿ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬಂದರೂ ಎಂಟು ಮಠಗಳ ಸರದಿ, ಅದೇ ಮಠಕ್ಕೆ ತಿರುಗಿ ಬರುವುದು 16 ವರ್ಷಕ್ಕೆ. ಅಷ್ಟು ಹೊತ್ತಿಗೆ ಉಗ್ರಾಣ ನೋಡಿಕೊಂಡವರು ಒಂದೋ ಮುಂಬಯಿಯಲ್ಲಿ, ಇಲ್ಲಾ ಇಲ್ಲವೇ ಇಲ್ಲ. ಬರೆದಿಡದಿದ್ದರೆ ಪ್ರತಿ ಸಲ ಒಂದರಿಂದಲೇ ಶುರು.

ಸಮಿತಿಗಳು ಇದನ್ನು ಲೆಕ್ಕಪತ್ರ ಮಂಡನೆಯ ಸಭೆಗೇ ಸೇರಿಸಿಬಿಡುತ್ತವೆ, ಹಾಗಾಗಿಯೇ ಕೆಡುತ್ತದೆ. ದುಡ್ಡಿನ ಲೆಕ್ಕ ಮೇಜಿನ ಮೇಲಿದ್ದಾಗ ಯಾವ ಪ್ರಶ್ನೆ ಕೇಳಿದರೂ ಅನುಮಾನದ ಹಾಗೆ ಕೇಳುತ್ತದೆ. ಅಭಿನಂದನಾ ಸಭೆಗೂ ಸೇರಿಸಬೇಡಿ, ಶಾಲು ಹೊದೆಸಿದ ಕೂಡಲೇ "ಪಾರ್ಕಿಂಗ್ ಸರಿ ಆಗಲಿಲ್ಲ" ಅಂತ ಹೇಳುವುದಾದರೂ ಹೇಗೆ? ಮೂರಕ್ಕೂ ಮೂರು ದಿನ. ಅವಲೋಕನ ಮೊದಲು, ಉತ್ಸವ ಆದ ಹತ್ತು ದಿನದೊಳಗೆ, ಆಮೇಲೆ ಲೆಕ್ಕ, ಕೊನೆಗೆ ಶಾಲು.

ಸ್ವಯಂಸೇವಕರಿಗೆ ಜೋರು ಮಾಡಲಿಕ್ಕಾಗುವುದಿಲ್ಲ, ಮುಂದಿನ ಸಲ ಬರುವುದೇ ಇಲ್ಲ. ಅದಕ್ಕೆ ವಿಭಾಗವಾರು ಸಣ್ಣ ಸಭೆ ಮಾಡಿ: ಅನ್ನಸಂತರ್ಪಣೆ, ಉಗ್ರಾಣ, ಚಪ್ಪರ, ಪಾರ್ಕಿಂಗ್, ಸಾಂಸ್ಕೃತಿಕ. 6-8 ಜನ, 40 ನಿಮಿಷ. ಅಭಿಪ್ರಾಯಕ್ಕಿಂತ ಅಳತೆ ಕೇಳಿ. ಯಾವ ದಿನ ಎಷ್ಟು ಕ್ವಿಂಟಾಲ್ ಅಕ್ಕಿ ಬೇಯಿಸಿದ್ದು, ಎಷ್ಟು ಎಲೆ ಬಿತ್ತು, ಎಷ್ಟು ಅನ್ನ ಉಳಿಯಿತು, ಕೊನೆಯ ಪಂಕ್ತಿ ಎದ್ದದ್ದು ಎಷ್ಟು ಗಂಟೆಗೆ. ಊರಿನವರು ತಂದೊಪ್ಪಿಸುವ ಹೊರೆಕಾಣಿಕೆಯಲ್ಲಿ ತರಕಾರಿ ಎಲ್ಲ ಒಂದೇ ದಿನ ಬಂದು ಬಿದ್ದು ಮೂರನೇ ದಿನಕ್ಕೆ ಕೊಳೆಯುವುದು ಸಾಮಾನ್ಯ. ಉಗ್ರಾಣದ ಪುಸ್ತಕದಲ್ಲಿ ಬಂದ ತಾರೀಕು, ಖರ್ಚಾದ ತಾರೀಕು ಎರಡೂ ಇದ್ದರೆ ಮುಂದಿನ ಸಲ ತೆಂಗಿನಕಾಯಿ, ಅಕ್ಕಿ, ಬೆಲ್ಲ ಮೊದಲ ದಿನ, ಸೊಪ್ಪು-ತರಕಾರಿ ಗ್ರಾಮವಾರು ಸರದಿಯಲ್ಲಿ ಅಂತ ಆಮಂತ್ರಣದಲ್ಲೇ ಹಾಕಬಹುದು.

ಮುರಕಲ್ಲು

ಅಳತೆ ಕೇಳಿ ಅಂದದ್ದು ಲಾಯ್ಕ ಮಾತು. ಸೈಟಿನಲ್ಲೂ "ಸಿಮೆಂಟ್ ತುಂಬ ಹೋಯ್ತು" ಅಂದರೆ ಏನೂ ಇಲ್ಲ, ಎಸ್ಟಿಮೇಟಿನಲ್ಲಿ ಎಷ್ಟು ಚೀಲ, ಹೋದದ್ದೆಷ್ಟು ಅಂತ ಬೇಕು.

ಎಂಡ್‌ಪಾಯಿಂಟ್_ವಾಕಿಂಗ್

ಎಲ್ಲರೂ ಕೆಟ್ಟದ್ದರ ಬಗ್ಗೆಯೇ ಹೇಳುತ್ತಿದ್ದಾರೆ. ಒಳ್ಳೆಯದಾದದ್ದಕ್ಕೂ ಅದೇ ಪ್ರಶ್ನೆ ಹಾಕಿ: ಇದು ನಮ್ಮ ಕ್ರಮದಿಂದ ಆದದ್ದಾ, ಅದೃಷ್ಟದಿಂದಲಾ? ಗೂಗಲ್‌ನ ಇಂಜಿನಿಯರುಗಳು ಏನಾದರೂ ಕೆಟ್ಟ ಮೇಲೆ ಬರೆಯುವ ಪೋಸ್ಟ್‌ಮಾರ್ಟಮ್ ವರದಿಯ ನಮೂನೆಯಲ್ಲಿ ಅದೃಷ್ಟ ಕೈಹಿಡಿದದ್ದೆಲ್ಲಿ ಎಂಬುದಕ್ಕೇ ಒಂದು ಭಾಗ ಇದೆ. ವರ್ಗಾವಣೆಯ ರಾತ್ರಿ ಕರೆಂಟ್ ಹೋಗಲಿಲ್ಲ, ಹಳೆಯ ಸಾಫ್ಟ್‌ವೇರ್ ಬರೆದವರ ಫೋನ್ ನಂಬರ್ ಯಾರದೋ ಬಳಿ ಇತ್ತು, ಇಂಥವು ಅಲ್ಲಿ ಬರಬೇಕು. ಈ ಸಲ ತಪ್ಪಿಹೋದ ಅಪಾಯ ಮುಂದಿನ ಸಲ ತಪ್ಪಬೇಕೆಂದಿಲ್ಲ.

ಚೀಟಿಗೆ ಮೂರು ಬಣ್ಣ ಇಟ್ಟರೆ ಸುಲಭ: ಹಸಿರು ಚೆನ್ನಾಗಿ ಆದದ್ದು, ಗುಲಾಬಿ ತೊಂದರೆ, ಹಳದಿ ಅದೃಷ್ಟ. ಒಂದು ಚೀಟಿಗೆ ಒಂದೇ ವಿಷಯ, ದಪ್ಪ ಮಾರ್ಕರ್‌ನಲ್ಲಿ ಏಳೆಂಟು ಪದ. ಬಾಲ್‌ಪೆನ್ನಿನಲ್ಲಿ ಬರೆದರೆ ಮೂರಡಿ ದೂರದಿಂದ ಕಾಣುವುದಿಲ್ಲ. ಗೋಡೆಗೆ ಕಂದು ಕಾಗದದ ಉದ್ದ ಹಾಳೆ ಅಂಟಿಸಿ ತಿಂಗಳುಗಳ ಗೆರೆ ಎಳೆದರೆ ಚೀಟಿಗಳು ತಾವಾಗಿಯೇ ಗುಂಪಾಗುತ್ತವೆ. ನಿಮ್ಮದರಲ್ಲಿ ಮಾರ್ಚಿನ ಕೆಳಗೆ ಗುಲಾಬಿ ಹೆಚ್ಚು ಬೀಳುವುದು ಕಣ್ಣಿಗೇ ಕಾಣಬೇಕು.

ತಂಡಗಳ ಬಗ್ಗೆ ಸಂಶೋಧನೆ ಮಾಡುವ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿಯವರು ತಪ್ಪನ್ನು ಹೇಳಿಕೊಳ್ಳಲಿಕ್ಕೆ ಹೆದರುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆದ ವಿವರಣೆ. ಹಾಗಾಗಿ ಗುಲಾಬಿ ಚೀಟಿ ಎಷ್ಟಿದೆ ಎಂದು ಬಾಸ್ ಎಣಿಸಲಿಕ್ಕೆ ಶುರು ಮಾಡಿದರೆ ತಡೆಯಿರಿ.

ಕೊಟ್ಟಾರ_ಚೌಕಿ

ಮಳೆಗಾಲದಲ್ಲಿ ಆ ಅಂಟುಚೀಟಿ ನಮ್ಮ ಗೋಡೆಗೆ ನಿಲ್ಲುವುದಿಲ್ಲ. ತೇವಕ್ಕೆ ಹತ್ತು ನಿಮಿಷದಲ್ಲಿ ಮೇಲಿನ ಅಂಚು ಬಿಡ್ತದೆ, ಫ್ಯಾನ್ ಹಾಕಿದರೆ ಎಲ್ಲ ನೆಲದ ಮೇಲೆ. ಮಾಸ್ಕಿಂಗ್ ಟೇಪಿನ ಸಣ್ಣ ತುಂಡುಗಳನ್ನು ಮೊದಲೇ ಕಡಿದು ಮೇಜಿನ ಅಂಚಿಗೆ ಹಚ್ಚಿಡಿ, ಇಲ್ಲದಿದ್ದರೆ ಚೀಟಿಗಳನ್ನು ಉದ್ದ ಮೇಜಿನ ಮೇಲೆ ಹರಡಿ ಸುತ್ತ ನಿಲ್ಲಿ. ಮುಗಿದ ಕೂಡಲೇ ಫೋಟೋ. ಆಮೇಲೆ ಅಂದರೆ ಗುಡಿಸುವವರ ಪಾಲು.

ಮತ ಹಾಕುವುದು: ಒಬ್ಬರಿಗೆ 3 ಚುಕ್ಕೆ, ಒಂದೇ ವಿಷಯಕ್ಕೆ ಮೂರನ್ನೂ ಹಾಕಬಹುದು. ಒಬ್ಬರು ಹಾಕುವುದನ್ನು ನೋಡಿ ಇನ್ನೊಬ್ಬರು ಹಾಕುವುದು ಖಂಡಿತ, ಅದಕ್ಕೆ ವಿಷಯಗಳಿಗೆ ನಂಬರ್ ಕೊಟ್ಟು ಕಾಗದದಲ್ಲಿ ನಂಬರ್ ಬರೆಸಿ. ಹೆಚ್ಚು ಮತ ಬಿದ್ದ ಎರಡು ಮಾತ್ರ ಅಗೆಯಬೇಕು. ಉಳಿದದ್ದು ಫೋಟೋದಲ್ಲಿ ಇರಲಿ.

ಬೆಂಗಳೂರಿನ ಇಬ್ಬರ ಬಗ್ಗೆ: ಏಳು ಜನ ಕೋಣೆಯಲ್ಲಿ, ಇಬ್ಬರು ಪರದೆಯಲ್ಲಿ ಅಂದರೆ ಆ ಇಬ್ಬರು ಲೆಕ್ಕಕ್ಕಿಲ್ಲ. ಇಬ್ಬರನ್ನೂ ಒಂದು ದಿನಕ್ಕೆ ಕರೆಸಿ, ಇಲ್ಲಾ ಒಂಬತ್ತು ಜನವೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಲಿ. ಆನ್‌ಲೈನ್ ಆದರೆ 90 ನಿಮಿಷದ ಎರಡು ಕಂತು ಒಳ್ಳೆಯದು: ಮೊದಲ ದಿನ ಘಟನೆ, ಚೀಟಿ, ಮತ, ಮರುದಿನ ಕಾರಣ, ನಿರ್ಧಾರ. ಚೀಟಿಯ ಬದಲು ಚಾಟ್ ಬಾಕ್ಸಿನಲ್ಲಿ ಎಲ್ಲರೂ ಟೈಪ್ ಮಾಡಿಟ್ಟುಕೊಂಡು, ನಡೆಸುವವರು "ಈಗ" ಅಂದಾಗ ಒಟ್ಟಿಗೆ ಕಳಿಸುವುದು. ಆಗ ಒಬ್ಬರದ್ದು ನೋಡಿ ಇನ್ನೊಬ್ಬರು ಬದಲಾಯಿಸಲಿಕ್ಕೆ ಆಗುವುದಿಲ್ಲ.

ರೆಕಾರ್ಡಿಂಗ್ ಬೇಡ. ಕೆಂಪು ಚುಕ್ಕೆ ಕಂಡ ಕೂಡಲೇ ಬಾಯಿ ಮುಚ್ಚಿಹೋಗ್ತದೆ.

ಚಪ್ಪರ_ಉಗ್ರಾಣ

ಭಾಷೆ? ನಮ್ಮಲ್ಲಿ ಸಭೆ ಬಿಸಿ ಆದ ಕೂಡಲೇ ತುಳುವಿಗೆ ಹೋಗುತ್ತದೆ. ಸತ್ಯ ಹೊರಗೆ ಬರುವುದೂ ಆಗಲೇ.

ಎಂಡ್‌ಪಾಯಿಂಟ್_ವಾಕಿಂಗ್

ತಂಡದಲ್ಲಿ ತುಳು ಬಾರದವರು ಒಬ್ಬರಿದ್ದರೂ ಕಾರಣ ಅಗೆಯುವ ಹಂತದಲ್ಲಿ ಅವರು ಹೊರಗುಳಿಯುತ್ತಾರೆ. ತಡೆಯಬೇಡಿ, ತಡೆದರೆ ಮಾತು ನಿಲ್ಲುತ್ತದೆ. ಬರೆದುಕೊಳ್ಳುವವರು ಬೋರ್ಡಿನ ಮೇಲೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಆಗಾಗಲೇ ಬರೆಯುತ್ತ ಹೋಗಲಿ, ಎರಡು ನಿಮಿಷಕ್ಕೊಮ್ಮೆ "ಇಷ್ಟು ಆಯಿತು, ಸರಿಯಾ?" ಎಂದು ಓದಲಿ. ಚೀಟಿ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಮುರಕಲ್ಲು

ಗ್ರಾಹಕರನ್ನು ಕರೆಯುವ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಡಿಫೆಕ್ಟ್ ಲಯಬಿಲಿಟಿ ಅವಧಿ, ಅಂದರೆ ದೋಷ ಕಂಡರೆ ನಾವೇ ಸರಿ ಮಾಡಿ ಕೊಡಬೇಕಾದ ಸಮಯ, ಮುಗಿಯುವ ತನಕ ಬಿಲ್ಲಿನಿಂದ ಹಿಡಿದಿಟ್ಟ ರಿಟೆನ್ಶನ್ ಹಣ ಅವರ ಕೈಯಲ್ಲೇ ಇರ್ತದೆ. ಸಭೆಯ ಟಿಪ್ಪಣಿಯಲ್ಲಿ "ನಮ್ಮಿಂದ ತಡ ಆಯ್ತು" ಅಂತ ಬರೆದು ಅದು ಅವರಿಗೆ ಮೇಲ್‌ನಲ್ಲಿ ಹೋದರೆ ಬಿಲ್ಲಿನಿಂದ ಕಡಿಯಲಿಕ್ಕೆ ಅದೇ ಸಾಕು. ನಿಮ್ಮ ಒಪ್ಪಂದದಲ್ಲೂ ತಡಕ್ಕೆ ದಂಡದ ಕಲಮು ಇದ್ದರೆ ಮೊದಲು ಅದನ್ನು ಓದಿ.

ಕೊಟ್ಟಾರ_ಚೌಕಿ

ಒಳಗಿನ ಸಭೆ ಬೇರೆ, ಗ್ರಾಹಕರ ಜೊತೆಗಿನದ್ದು ಬೇರೆ. ಒಳಗಿನದ್ದು ಮೊದಲು. ಗ್ರಾಹಕರ ಜೊತೆ 45 ನಿಮಿಷ ಸಾಕು, ಅಲ್ಲಿ ಕೇಳಬೇಕಾದದ್ದು ಎರಡೇ: ನಮ್ಮಿಂದ ನಿಮಗೆ ಯಾವುದು ತಡವಾಗಿ ಗೊತ್ತಾಯ್ತು, ನಿಮ್ಮ ಸಿಬ್ಬಂದಿಗೆ ಯಾವ ವಾರ ಹೆಚ್ಚು ಹೊರೆ ಆಯ್ತು. ಎರಡನೆಯದು ಕೇಳಿದರೆ ಮಾರ್ಚಿನ ವಿಷಯ ಅವರ ಬಾಯಿಂದಲೇ ಬರ್ತದೆ.

ಮುಂದಿನ ಪ್ರಾಜೆಕ್ಟಿನ ಮೊದಲ ಸಭೆಯಲ್ಲಿ 15 ನಿಮಿಷ ಈ ಪಾಠಗಳಿಗೆ ಇಡಿ. ಇನ್ನೂ ಒಳ್ಳೆಯದು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಪ್ರಿಮಾರ್ಟಮ್ ಕ್ರಮ: "ಇದು ಪೂರ್ತಿ ನೆಲ ಕಚ್ಚಿದೆ ಅಂತ ಇಟ್ಟುಕೊಳ್ಳಿ, ಯಾಕೆ ಅಂತ ಬರೆಯಿರಿ" ಅಂತ ಶುರುವಿನಲ್ಲೇ ಕೇಳುವುದು. ಹಳೆಯ ಪಾಠದ ಪಟ್ಟಿಯನ್ನು ಅದಾದ ಮೇಲೆ ತೆಗೆಯಿರಿ. ಹೊಸಬರು ಬರೆದದ್ದರಲ್ಲಿ ಇಲ್ಲದ್ದು ಪಟ್ಟಿಯಲ್ಲಿದ್ದರೆ ಅದು ಇನ್ನೂ ಯಾರ ತಲೆಗೂ ಹೋಗಿಲ್ಲ ಅಂತ ಗೊತ್ತಾಗ್ತದೆ.

ಕಲ್ಸಂಕ_ಸರ್ಕಲ್

ಸರಿ, ಹೀಗೆ ಮಾಡಿದ್ದೇನೆ. ನೋಟಿಸ್‌ನಲ್ಲಿರುವವರ ಜೊತೆ ನಾಳೆ ಮಾತು. ಘಟನಾಪಟ್ಟಿ ಬುಧವಾರ ಕಳಿಸುವುದು. ಶುಕ್ರವಾರ 11ರಿಂದ 1, ಬೆಂಗಳೂರಿನ ಇಬ್ಬರೂ ಬಸ್ಸಿನಲ್ಲಿ ಬರ್ತಾರೆ. ಬಾಸ್ 12:30ಕ್ಕೆ. ನಡೆಸುವುದು ಪಕ್ಕದ ಮೊಬೈಲ್ ಆ್ಯಪ್ ತಂಡದವರು. ಗ್ರಾಹಕರ ಸಭೆ ಅದರ ಮುಂದಿನ ವಾರ.

ಕಡತ_ಕೋಣೆ

ಶುಕ್ರವಾರ 12:30 ಬೇಡ. ತಂಡದಲ್ಲಿ ಬ್ಯಾರಿ ಮುಸ್ಲಿಂ ಸಹೋದ್ಯೋಗಿಗಳಿದ್ದರೆ ಜುಮಾ ನಮಾಜಿಗೆ ಏಳುವ ಹೊತ್ತು ಅದು, ನಿಮ್ಮ ನಿರ್ಧಾರದ ಭಾಗಕ್ಕೇ ಅವರಿಲ್ಲ. ಗುರುವಾರ 10:30ರಿಂದ 12:30 ಇಡಿ, ಘಟನಾಪಟ್ಟಿ ಮಂಗಳವಾರ. ಜೋರು ಮಳೆಗೆ ಶಾಲೆಗೆ ರಜೆ ಅಂತ ಘೋಷಣೆಯಾದರೆ ಮಕ್ಕಳಿರುವವರು ಬೆಳಿಗ್ಗೆಯೇ ಫೋನ್ ಮಾಡುತ್ತಾರೆ, ಅದಕ್ಕೆ ಬದಲಿ ದಿನ ಒಂದನ್ನು ಈಗಲೇ ಹೇಳಿಡಿ. ಬಸ್ ಟಿಕೆಟ್ ಮಾಡುವ ಮೊದಲು.